ಪ್ರೀಮಿಯಂ ಸಿಗದ ಬೆಳಿಗ್ಗೆ

ಜೀವನ್ ಬಿಮಾ ನಗರದ ಶಾಲೆಯೊಂದರಲ್ಲಿ ಗಣಿತ ಕಲಿಸುವ ಹೇಮಶ್ರೀಗೆ ನಲವತ್ತು ದಾಟಿದ ಮೇಲೆ ರೇಸಿನ ಹುಚ್ಚು ಹಿಡಿಯಿತು. ಅವಳ ಹಳೆಯ ಟರ್ಬೊ ಕಾರಿನ ಶಕ್ತಿ ಹೆಚ್ಚುವಂತೆ ಮೈದುನ ಮುನೀಂದ್ರ ಟ್ಯೂನ್ ಮಾಡಿಕೊಟ್ಟಿದ್ದ. ಅಂದಿನಿಂದ ಅದಕ್ಕೆ ಹೆಚ್ಚು ಆಕ್ಟೇನಿನ ಪ್ರೀಮಿಯಂ ಪೆಟ್ರೋಲೇ ಬೇಕಾಗಿತ್ತು.

ಅವಳ ಮೊದಲ ರೇಸಿನ ಬೆಳಿಗ್ಗೆ ಇಬ್ಬರೂ ಹೊಸಕೋಟೆಯ ಕಡೆಗೆ ಹೊರಟರು. ಟ್ಯಾಂಕು ಬರಿದಾಗುತ್ತಿತ್ತು. ಕೆ.ಆರ್. ಪುರದಲ್ಲಿ ಎರಡು ಬಂಕು ಸುತ್ತಿದರೂ ಪ್ರೀಮಿಯಂ ಸಿಗಲಿಲ್ಲ. ರೇಸಿಗೆ ಹೆಸರು ಬರೆಸುವ ಹೊತ್ತು ಮೀರುತ್ತಿತ್ತು.

“ಮಾಮೂಲಿನೇ ಹಾಕ್ಸಿ ಅತ್ತಿಗೆ. ಒಂದ್ಸಲಕ್ಕೆ ಏನಾಗಲ್ಲ,” ಎಂದ ಮುನೀಂದ್ರ.

“ಪೂರ್ತಿ ಆಕ್ಸಿಲರೇಟರ್ ಒತ್ತಿದ್ರೆ?”

ಅವನು ಹೇಳಿದ: “ಎಂಜಿನ್ ಒಳಗೆ ಬಡಿಯೋ ಸದ್ದು ಬಂದ್ರೆ ಕಾಲು ತೆಗೀರಿ. ಇಲ್ಲಾಂದ್ರೆ ಪಿಸ್ಟನ್ ಹೋಗ್ಬಿಡುತ್ತೆ.”

ಅವಳು ಮಾಮೂಲಿ ಪೆಟ್ರೋಲನ್ನೇ ಹಾಕಿಸಿದಳು.

ರೇಸಿನ ಕೊನೆಯ ಸುತ್ತಿನಲ್ಲಿ ಹೇಮಶ್ರೀಯ ಮುಂದೆ ಒಂದೇ ಕಾರಿತ್ತು. ನೇರ ದಾರಿ ಸಿಕ್ಕಿದ್ದೇ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಳು. ಎರಡು ಕಾರುಗಳೂ ಸಮಸಮನಾದವು. ಆಗ ಬಾನೆಟ್ಟಿನ ಕೆಳಗೆ, ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಶುರುವಾಯಿತು. ಗೆಲುವಿನ ಗೆರೆ ಕಣ್ಣೆದುರೇ ಇತ್ತು. ಇನ್ನೊಂದು ಗಳಿಗೆ ಸಾಕು ಎನ್ನಿಸಿತು. ಸದ್ದು ಜೋರಾಯಿತು. ಹಲ್ಲು ಕಚ್ಚಿ ಕಾಲು ತೆಗೆದಳು. ಪಕ್ಕದ ಕಾರಷ್ಟೇ ಅಲ್ಲ, ಹಿಂದಿದ್ದ ಇನ್ನೆರಡು ಕಾರುಗಳೂ ಅವಳನ್ನು ದಾಟಿಹೋದವು.

ಅವಳು ಗೆರೆ ದಾಟಿ ಕಾರು ನಿಲ್ಲಿಸಿದಳು. ಮುನೀಂದ್ರ ಓಡಿಬಂದು ಬಾನೆಟ್ ತೆರೆದು ಕಿವಿಗೊಟ್ಟ. ಎಂಜಿನ್‌ಗೆ ಏನೂ ಆಗಿರಲಿಲ್ಲ.

“ಗೆದ್ಬಿಡ್ತಿದ್ರಿ ಅತ್ತಿಗೆ,” ಎಂದ ಬೇಸರದಿಂದ.

“ಗೊತ್ತು ಕಣೋ.” ಅವಳಿಗೆ ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಂಡು, “ಮುಂದಿನ ಸಲ ಹಿಂದಿನ ದಿನಾನೇ ಪೆಟ್ರೋಲ್ ಹಾಕ್ಸೋಣ,” ಎಂದಳು.