ಡ್ಯಾನ್‌ವಿಲ್ ಈಜುಕೊಳಕ್ಕೆ, ನೈಲಾಳ ಅಪ್ಪನ ಜೊತೆ

ಸುರಂಗ ದಾಟಿದ್ದೇ ತಡ, ಬಿಸಿಲು ಮುಖಕ್ಕೆ ಹೊಡೆಯಿತು. ಹಿಂದೆ ಓಕ್‌ಲ್ಯಾಂಡಿನಲ್ಲಿ ಮಂಜು, ಮುಂದೆ ಸುಡುವ ಬೇಸಿಗೆ. ಜಾಕೆಟ್ಟು ಬಿಚ್ಚಿದೆವು. ಹಿಂದಿನ ಸೀಟಿನಲ್ಲಿ ಒಂಬತ್ತು ವರ್ಷದ ನೈಲಾ ತಲೆ ಅಲ್ಲಾಡಿಸಿದಾಗೆಲ್ಲ ಜಡೆಯ ಮಣಿಗಳು ಕಟಕಟ ಅನ್ನುತ್ತಿದ್ದವು.

ಅವಳ ಅಪ್ಪ ಡ್ಯಾರೆಲ್ ಕಪ್ಪು ಜನಾಂಗದವನು, ಗೋದಾಮಿನಲ್ಲಿ ನನ್ನ ಜೊತೆ ಲೋಡಿಂಗ್ ಮಾಡುವವನು. ಅವನ ಕಾರು ಕೆಟ್ಟಿತ್ತು. ಡ್ಯಾನ್‌ವಿಲ್‌ನಲ್ಲಿ ಮಗಳ ಮೊದಲ ಈಜು ರೇಸು. ನನ್ನ ಮನೆಯಿರುವ ಎವರ್‌ಗ್ರೀನ್‌ನಿಂದ ಓಕ್‌ಲ್ಯಾಂಡಿಗೆ ನಲವತ್ತು ಮೈಲಿ ಹೋಗಿ ಇಬ್ಬರನ್ನೂ ಹತ್ತಿಸಿಕೊಂಡಿದ್ದೆ. ಅಲ್ಲಿಂದ ಇನ್ನೂ ಇಪ್ಪತ್ತು ಮೈಲಿ. ದಾರಿಗೆ ಬೇಯಿಸಿದ ಮೊಟ್ಟೆ, ಬಾಳೆಹಣ್ಣು.

ಗೇಟಿನಲ್ಲಿದ್ದ ಹೆಂಗಸು ಡ್ಯಾರೆಲ್‌ನನ್ನು ನೋಡಿ, "ಡೆಲಿವರಿ ಹಿಂದಿನ ಗೇಟಲ್ಲಿ" ಅಂದಳು.

"ನಾನು ಇವಳ ಅಪ್ಪ" ಅಂದ ಅವನು, ನಕ್ಕೊಂಡೇ. ನನಗೆ ರೇಗಿತು. ಅವನು ತೋಳು ಹಿಡಿದು ಎಳೆದ. "ಬಾಯಿ ಮುಚ್ಕೊಂಡು ಬಾ. ಇಲ್ಲಿ ನಾವು ಜಗಳ ಆಡಿದ್ರೆ ಇವಳಿಗೆ ರೇಸೇ ಇರಲ್ಲ."

ಒಳಗೆ ರೆಫರಿ ತಡೆದ. "ಮಣಿ ಇಟ್ಕೊಂಡು ನೀರಿಗಿಳಿಯೋ ಹಾಗಿಲ್ಲ. ಹದಿನೈದು ನಿಮಿಷ ಇದೆ."

ನೈಲಾ ಕಣ್ಣು ತುಂಬಿಕೊಂಡಳು. ಹಿಂದಿನ ದಿನ ನಾಲ್ಕು ತಾಸು ಕೂತು ಅವಳು ಕೇಳಿದ ಹಾಗೆ ಹೆಣೆದಿದ್ದವನು ಡ್ಯಾರೆಲ್ಲೇ. "ರೂಲ್ಸ್ ನಾನು ಕೇಳ್ಬೇಕಿತ್ತು. ತಪ್ಪು ನಂದು" ಅಂದವನೇ ಕಾದ ಸಿಮೆಂಟಿನ ಮೇಲೆ ಕೂತು, ಮಗಳನ್ನು ಮುಂದೆ ಕೂರಿಸಿಕೊಂಡು ಮಣಿ ಬಿಚ್ಚತೊಡಗಿದ. ನಾನೂ ಕೂತೆ.

"ಎಷ್ಟ್ ಅದಾವಪ್ಪ ಇವು" ಅಂತ ನಾನು ಗೊಣಗಿದ್ದು ಪಕ್ಕದಲ್ಲಿದ್ದ ಹೆಂಗಸಿಗೆ ಕೇಳಿಸಿತು. ಧಾರವಾಡದ ಕಡೆಯವರು. ಅವರ ಮಗನೂ ಈಜುವವನು.

"ತಾಯಿ ಬಂದಿಲ್ಲೇನು?" ಅಂದರು.

"ಅಪ್ಪ ಬಂದಾನಲ್ರೀ ಅಕ್ಕಾರ, ಸಾಲದೇನು?"

ಅವರು ತಾವೂ ಬಿಚ್ಚಲೆಂದು ಬಾಗಿ ಜಡೆಗೆ ಕೈ ಹಾಕಲು ಹೋದರು. ಡ್ಯಾರೆಲ್ ತಲೆ ಎತ್ತಿದ. "ತಲೆ ಅವಳದು ಮೇಡಂ. ಅವಳನ್ನ ಕೇಳಿ."

ಕೇಳಿದರು. ನೈಲಾ ಅವರನ್ನೊಮ್ಮೆ ನೋಡಿ, ಹೂಂ ಅಂದಳು. ಆರು ಕೈ ಸೇರಿ ಬಿಚ್ಚಿದೆವು. ಜಡೆಗಳನ್ನೆಲ್ಲ ತಲೆಗೆ ಚಪ್ಪಟೆಯಾಗಿ ಸುತ್ತಿ ಟೋಪಿ ಹಾಕಿದ್ದು ಡ್ಯಾರೆಲ್. ಸೀಟಿ ಊದುವ ಹೊತ್ತಿಗೆ ಅವಳು ಸಾಲಿನಲ್ಲಿದ್ದಳು.

ಆರು ಮಕ್ಕಳಲ್ಲಿ ಐದನೆಯವಳಾಗಿ ಗೋಡೆ ಮುಟ್ಟಿದಳು.

"ಐದನೇದು" ಅಂದೆ.

"ಯುಗಾದಿಗೆ ನಿಮ್ಮನೇಲಿ ಊಟ ಮಾಡಿದ್ವಲ್ಲ, ಆಗ ಇವಳು ಮೊಣಕಾಲು ನೀರಿಗೂ ಇಳೀತಿರ್ಲಿಲ್ಲ" ಅಂದ ಡ್ಯಾರೆಲ್. ಟವೆಲ್ ಅಗಲಕ್ಕೆ ಹಿಡಿದು ನಿಂತಿದ್ದ. ಅವಳು ನೇರ ಬಂದು ಅದರೊಳಗೆ ಹೊಕ್ಕಳು. "ನನ್ನ ಮಗಳು" ಅಂತ ಕೇಳದವರಿಗೂ ಹೇಳಿದ.

ಅಷ್ಟೇ. ಇದರ ಮೇಲೆ ನಾನು ಸೇರಿಸುವಂಥದ್ದು ಏನೂ ಇಲ್ಲ.