ಡಬ್ಬಿ ಅಕ್ಕ ಕೇಳುವ ಒಂದು ಪ್ರಶ್ನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೌಟುಂಬಿಕ ನ್ಯಾಯಾಲಯದ ನೆಲಮಹಡಿಯ ಶೌಚಾಲಯದಲ್ಲಿ ಒಬ್ಬ ಹೆಂಗಸು ಫ್ಲಶ್ ತೊಟ್ಟಿಗೆ ನೀಲಿ ಬಣ್ಣ ಸುರಿಯುತ್ತಿದ್ದಾರೆ. ಆಮೇಲೆ ನಲ್ಲಿ ಬಂದ್ ಮಾಡಿ, ಸೋಪು ಎತ್ತಿಟ್ಟು, ಬಾಗಿಲಿಗೆ ಬೀಗ ಜಡಿಯುತ್ತಾರೆ. ಮೂತ್ರದ ಮಾದರಿಗೆ ಯಾರಾದರೂ ಅಲ್ಲಿನ ನೀರು ಸೇರಿಸಿದರೆ ಬಣ್ಣ ಚಾಡಿ ಹೇಳಿಬಿಡುತ್ತದೆ. "ನೀರು ಬೆರೆಸೋರು ಹಾಲಿನವರು ಮಾತ್ರ ಅಂದ್ಕೋಬೇಡಿ" ಎಂದು ನಗುತ್ತಾರೆ.

ಇಡೀ ಕಟ್ಟಡಕ್ಕೆ ಇವರು ಡಬ್ಬಿ ಅಕ್ಕ. ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯದಲ್ಲಿ ಅಪ್ಪನೋ ಅಮ್ಮನೋ ಕುಡಿಯುತ್ತಾರೆ, ಮಾದಕ ವಸ್ತು ಸೇವಿಸುತ್ತಾರೆ ಎಂಬ ದೂರು ಬಂದರೆ ನ್ಯಾಯಾಧೀಶರು ಅವರನ್ನು ಮೂತ್ರ ಪರೀಕ್ಷೆಗೆಂದು ಅಕ್ಕನ ಕೋಣೆಗೆ ಕಳಿಸುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಮಂದಿ. ಬೈದುಕೊಂಡು ಬರುವವರು, ಅಳುತ್ತಾ ಬರುವವರು, ಡಬ್ಬಿ ಹಿಡಿದು ಒಂದು ತೊಟ್ಟೂ ಬಾರದೆ ಮಧ್ಯಾಹ್ನದವರೆಗೆ ಕೂರುವವರು. ಮೊದಮೊದಲು ಈ ಕೆಲಸವನ್ನು ನೆಂಟರೆದುರು ಹೇಳಿಕೊಳ್ಳಲು ಮನೆಯವರಿಗೆ ನಾಚಿಕೆ. ಸೊಸೆಗೆ ಕೋರ್ಟಿನಲ್ಲಿ ಕೆಲಸ ಎಂದಷ್ಟೇ ಅತ್ತೆ ಹೇಳುತ್ತಿದ್ದರಂತೆ.

ದಿನವೆಲ್ಲ ಕೈಗೆ ಏನು ಹಚ್ಚಿಕೊಳ್ಳುತ್ತೀರಿ ಎಂದು ಅಕ್ಕ ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಈ ಪ್ರಶ್ನೆಯ ಹಿಂದೆ ಅವರದೇ ಫಜೀತಿಯಿದೆ. ಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಸಿಬ್ಬಂದಿಯೂ ಆಗಾಗ ತಮ್ಮ ಮಾದರಿ ಕೊಡುವುದು ಇಲ್ಲಿನ ರೂಢಿ. ಒಮ್ಮೆ, ಜನ್ಮದಲ್ಲಿ ಹನಿ ಮುಟ್ಟದ ಅಕ್ಕನ ಮಾದರಿಯಲ್ಲೇ ಮದ್ಯದ ಗುರುತು! ಹೊತ್ತುಹೊತ್ತಿಗೂ ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ತಿಕ್ಕಿಕೊಂಡದ್ದೇ ಕಾರಣವೆಂದು ಲ್ಯಾಬಿನ ಡಾಕ್ಟರಮ್ಮ ಪತ್ತೆ ಹಚ್ಚಿದರು. "ಅಷ್ಟರಲ್ಲಿ ನಮ್ಮತ್ತೆ ಒಂದು ವಾರ ನನ್ನ ಬಾಯಿ ಮೂಸಿದ್ರು" ಎನ್ನುತ್ತಾರೆ ಅಕ್ಕ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅಂದಿನಿಂದ ಅವರ ಬಾಯಲ್ಲೇ ಇದೆ.

ಹೋದ ತಿಂಗಳು ಬಂದವರು ಆಸ್ಪತ್ರೆಯೊಂದರ ವಾರ್ಡ್ ಸಹಾಯಕ. ಕುಡಿತ ಬಿಟ್ಟು ವರ್ಷವಾಗಿದೆ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ವಾರಾಂತ್ಯಕ್ಕೆ ಮಗಳು ಮನೆಗೆ ಬರುತ್ತಾಳೆ. ಕಂಡರೆ, ಕಾವಲಿನವರ ಎದುರು ಕೋರ್ಟಿನ ಕೋಣೆಯಲ್ಲಿ ಒಂದು ಗಂಟೆಯ ಭೇಟಿ ಮಾತ್ರ. ಅವರ ಮಾದರಿಯಲ್ಲಿ ಮದ್ಯದ ತೆಳುವಾದ ಗುರುತು ಸಿಕ್ಕಿತು. ಆದರೆ ಪ್ರತಿ ರೋಗಿಯನ್ನು ಮುಟ್ಟುವ ಮೊದಲೂ ಆಮೇಲೂ ಸ್ಯಾನಿಟೈಸರ್ ಹಚ್ಚಿಕೊಳ್ಳುವುದಾಗಿ ಅವರು ಅಕ್ಕನಿಗೆ ಹೇಳಿದ್ದರು, ಅಕ್ಕ ಅದನ್ನು ಡಾಕ್ಟರಮ್ಮನಿಗೆ ಮುಟ್ಟಿಸಿದ್ದರು. ಹಾಗಾಗಿ ಡಾಕ್ಟರಮ್ಮ ಇನ್ನೊಂದು ಪರೀಕ್ಷೆ ಬೇಕೆಂದರು. ಬೆರಳ ತುದಿಯ ರಕ್ತ ಸಾಕು. ವಾರಗಳ ಹಿಂದಿನ ಕುಡಿತವನ್ನೂ ಅದು ಬಿಚ್ಚಿಡುತ್ತದೆ, ಸ್ಯಾನಿಟೈಸರಿಗೆ ಸಾಮಾನ್ಯವಾಗಿ ಮೋಸಹೋಗುವುದಿಲ್ಲ.

ಅಕ್ಕ ಬೆರಳಿಗೆ ಸೂಜಿ ಚುಚ್ಚುವಾಗ ಆ ಅಪ್ಪ, ನೀವಾದರೂ ನನ್ನನ್ನು ನಂಬುತ್ತೀರಾ ಎಂದು ಕೇಳಿದರಂತೆ.

"ನಾನು ನಂಬಿದ್ರೆ ಏನ್ ಬಂತಪ್ಪ, ರಕ್ತ ಹೇಳ್ಬೇಕು ಅಂದೆ."

ರಕ್ತ ಪರೀಕ್ಷೆಯ ಫಲಿತಾಂಶವನ್ನು ಅಕ್ಕನಿಗೆ ಯಾರೂ ತಿಳಿಸುವಂತಿಲ್ಲ. ಆದರೆ ಈ ಶುಕ್ರವಾರ ಸಂಜೆ ಮೆಟ್ಟಿಲ ಮೇಲೆ ದಡಬಡ ಸದ್ದು. ಏಳು ವರ್ಷದ ಹುಡುಗಿಯೊಬ್ಬಳು ದಿಂಬನ್ನು ಕಂಕುಳಲ್ಲಿ ಅವುಚಿಕೊಂಡು ವಾರ್ಡ್ ಸಹಾಯಕರನ್ನು ಎಳೆದುಕೊಂಡು ಇಳಿಯುತ್ತಿದ್ದಾಳೆ.

"ಅಪ್ಪಾ, ರಾತ್ರಿನೂ ನಿನ್ ಜೊತೆನೇ ಇರ್ತೀನಿ ಅಲ್ವಾ?"

ಅಪ್ಪ ಹೌದೆಂದು ತಲೆಯಾಡಿಸುತ್ತಾರೆ. ಬಾಗಿಲಲ್ಲಿ ನಿಂತ ಅಕ್ಕನ ಮುಖ ಊರಗಲ.

ಅವರಿಬ್ಬರೂ ಗೇಟು ದಾಟುವವರೆಗೂ ನೋಡಿ ಅಕ್ಕ ಹೇಳುತ್ತಾರೆ: "ನಾನು ಯಾರ ಕಡೆಯವಳೂ ಅಲ್ಲ. ಕುಡಿಯೋರ ಕೈಗೆ ಒಂದು ಮಗೂನೂ ಸಿಗಬಾರ್ದು, ಕುಡಿಯದೋರ ಕೈಯಿಂದ ಒಂದು ಮಗೂನೂ ತಪ್ಪಬಾರ್ದು. ಅಷ್ಟು ಆದ್ರೆ ಸಾಕು ನನಗೆ."