ಆಂಟಿಯ ಜೋಡಿ ಕಿರೀಟ

ಮೊನ್ನೆ ಸಿಂಗಪುರದ ಯಿಶುನ್‌ನ ಅಂಗಡಿಯೊಂದರಲ್ಲಿ ಚೀನೀಯರ ಹಬ್ಬದ ಸಿಹಿಯಾದ ಮೂನ್‌ಕೇಕ್ ಡಬ್ಬಿಗಳನ್ನು ಜೋಡಿಸಿಟ್ಟಿದ್ದರು. ಚಿನ್ನದ ಬಣ್ಣದ ಆ ರಟ್ಟು ಕಂಡದ್ದೇ ತಡ, ನಾನು ಬೆಳೆದ ಆಂಗ್ ಮೋ ಕಿಯೋ ಬಡಾವಣೆಯ ನಮ್ಮ ಪಕ್ಕದ ಮನೆಯ ಆಂಟಿ ನೆನಪಾದರು...

ಮೈಸೂರಿನವರು, ಚರಿತ್ರೆ ಓದಿದವರು. ಸುತ್ತಮುತ್ತಲಿನ ಕನ್ನಡದ ಮನೆಗಳನ್ನು ಕೂಡಿಸಿ ಸಂಘ ಕಟ್ಟಿದ್ದು ಅವರೇ, ಭಾನುವಾರ ಕಟ್ಟಡದ ಕೆಳಗಿನ ತೆರೆದ ಅಂಗಳದಲ್ಲಿ, ಅಂದರೆ ವಾಯ್ಡ್ ಡೆಕ್‌ನಲ್ಲಿ, ಮಕ್ಕಳಾದ ನಮಗೆಲ್ಲ ಕನ್ನಡ ಕಲಿಸಿದ್ದೂ ಅವರೇ. ಅಧ್ಯಕ್ಷರನ್ನು ಆರಿಸುವಾಗ ಮಾತ್ರ ಗಂಡಸರು ತಲೆ ಕೆರೆದುಕೊಂಡರು. ಹೆಂಗಸು ಒಬ್ಬಳೇ ಹೇಗೆ? ಕೊನೆಗೆ ಅವರ ಗಂಡ ಅಂಕಲ್‌ರನ್ನೂ ಸೇರಿಸಿ ‘ಜಂಟಿ ಅಧ್ಯಕ್ಷರು’ ಎಂದರು. ಹಾರ, ಮೈಕು ಅಂಕಲ್‌ಗೆ. ದುಡಿಮೆ ಆಂಟಿಗೆ.

ಒಂದು ರಾಜ್ಯೋತ್ಸವಕ್ಕೆ ಆಂಟಿ ಇಂಗ್ಲೆಂಡಿನ ರಾಣಿಯೊಬ್ಬಳ ನಾಟಕ ಆಡಿಸಿದರು. ಅಪ್ಪ ಪಟ್ಟ ಬಿಟ್ಟು ಓಡಿದ ಮೇಲೆ ಅದು ಮಗಳಿಗೆ ಬರಬೇಕಿತ್ತು. ಹೆಂಡತಿಯ ಕೈಕೆಳಗೆ ಇರಲಾರೆ ಎಂದು ಅವಳ ಗಂಡ ಹಠ ಹಿಡಿದ. ಇಬ್ಬರನ್ನೂ ಸಿಂಹಾಸನಕ್ಕೇರಿಸಿ, ಅಧಿಕಾರವನ್ನು ಅವನೊಬ್ಬನ ಕೈಗೆ ಕೊಟ್ಟರು. ಆದರೆ ಪಟ್ಟ ಕೊಡುವ ಮುಂಚೆ ಪಾರ್ಲಿಮೆಂಟಿನವರು ತಮ್ಮ ಹಕ್ಕುಗಳನ್ನು ಇಬ್ಬರೆದುರೂ ಓದಿಸಿದರು.

ರಾಣಿ ನಾನು. ಮೂನ್‌ಕೇಕ್ ಡಬ್ಬಿ ಕತ್ತರಿಸಿ ಮಾಡಿದ ಕಿರೀಟವನ್ನು ನನ್ನ ತಲೆಗಿಡುತ್ತಾ ಆಂಟಿ ಹೇಳಿದರು, “ಈ ಕ್ರೌನ್ ಇಂಪಾರ್ಟೆಂಟ್ ಅಲ್ಲ ಪುಟ್ಟಿ. ಮುಂಚೆ ಓದಿದ್ರಲ್ಲ, ಆ ರೂಲ್ಸು. ರಾಜನೂ ಅದನ್ನ ಫಾಲೋ ಮಾಡ್ಲೇಬೇಕು.”

“ಮತ್ತೆ ರಾಣಿಗೇನ್ ಸಿಕ್ತು ಆಂಟಿ? ನಾಟ್ ಫೇರ್ ಲಾ!”

ಆಂಟಿ ನಕ್ಕುಬಿಟ್ಟರು.

ನಿಯಮವೇ ದೊಡ್ಡದೆಂಬ ಅದೇ ನಂಬಿಕೆಯಲ್ಲಿ ಸಂಘಕ್ಕೂ ನಿಯಮ ಬರೆದರು. ಮನೆಗೊಂದು ಸದಸ್ಯತ್ವ, ಮನೆಗೊಂದು ವೋಟು, ಎರಡೂ ಯಜಮಾನರ ಹೆಸರಿನಲ್ಲಿ. ನಮ್ಮಲ್ಲಿ ಮದುವೆಯ ಕರೆಯೋಲೆಯಿಂದ ಹಿಡಿದು ಎಲ್ಲವೂ ಹಾಗೇ ತಾನೆ. ಅಷ್ಟು ಓದಿದ ಆಂಟಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಅಂಕಲ್ ಹೃದಯಾಘಾತದಿಂದ ಹೋದರು. ವರ್ಷಾಬ್ದಿಕಕ್ಕೂ ಕಾಯದೆ ಸಂಘದವರು ಸಭೆ ಕರೆದರು.

“ಸಾರಿ ಆಂಟಿ,” ಎಂದರು ಕಾರ್ಯದರ್ಶಿ. “ಮೆಂಬರ್‌ಶಿಪ್ ಅಂಕಲ್ ಹೆಸ್ರಲ್ಲಿತ್ತು. ಮೆಂಬರ್ ಅಲ್ದೇ ಇರೋರು ಪ್ರೆಸಿಡೆಂಟ್ ಆಗಿ ಕಂಟಿನ್ಯೂ ಮಾಡಕ್ಕಾಗಲ್ಲ. ರೂಲ್ಸ್ ನೀವೇ ಮಾಡಿದ್ದು.”

ಆಂಟಿಯ ಬಿಸಿಬೇಳೆಬಾತ್ ತಿಂದ ಬಾಯಿಗಳೆಲ್ಲ ಅಲ್ಲಿದ್ದವು. ನಿಯಮ ತಿದ್ದೋಣ ಎಂದು ಒಂದೂ ತೆರೆಯಲಿಲ್ಲ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. “ಹೌದಪ್ಪಾ, ನಾನೇ ಮಾಡಿದ್ದು,” ಎಂದ ಆಂಟಿ, ಸಂಘದ ಪುಸ್ತಕದ ಕಪಾಟಿನ ಬೀಗದಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಆಮೇಲೆ ಭಾನುವಾರಗಳಲ್ಲಿ ಅವರ ಬಾಗಿಲು ಮುಚ್ಚಿಯೇ ಇರುತ್ತಿತ್ತು... ಹೋದ ವರ್ಷ ಅವರೂ ತೀರಿಕೊಂಡರು.

ಈಗ ಸಂಘದ ಕೋಣೆಯಲ್ಲಿ ಇಬ್ಬರ ಫೋಟೋವನ್ನು ಒಂದೇ ಚೌಕಟ್ಟಿಗೆ ಹಾಕಿದ್ದಾರೆ. ಕೆಳಗೆ ‘ಸ್ಥಾಪಕ ಅಧ್ಯಕ್ಷರು ಮತ್ತು ಅವರ ಶ್ರೀಮತಿ’ ಎಂದಿದೆ. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದನ್ನು ತಿದ್ದಿಸಲು ನಿರ್ಣಯ ತರಬೇಕೆಂದು ಹೋದಾಗ ಹೊಸ ಕಾರ್ಯದರ್ಶಿ ನಯವಾಗಿಯೇ ಹೇಳಿದರು, “ಖಂಡಿತ ಮೇಡಂ, ನಿಮ್ಮ ಹಸ್ಬೆಂಡ್‌ನ ಕಳ್ಸಿ. ವೋಟು ಅವ್ರದ್ದಲ್ವಾ.”

ಮೊನ್ನೆ ಆ ಅಂಗಡಿಯಿಂದ ಡಬ್ಬಿ ಕೊಳ್ಳದೆ ಬಂದೆ.